ಲಿಟಲ್‌ಟನ್‌ನಿಂದ ಪೋರ್ಟ್ ಚಾಮರ್ಸ್‌ಗೆ ನಾಲ್ಕು ಆಲ್ಬಮ್ ದೂರ

ಡಿಸೆಂಬರ್ ಬಂತು ಅಂದ್ರೆ ಫೋನ್ ತುಂಬಾ 'ವರ್ಷದ ಅತ್ಯುತ್ತಮ ಆಲ್ಬಮ್‌ಗಳು' ಎಂಬ ಪಟ್ಟಿಗಳು. ಹತ್ತು ಪಟ್ಟಿ ಓದಿದರೆ ಎಂಟರಲ್ಲಿ ಅವೇ ಹೆಸರುಗಳು. ಆ ಹೆಸರುಗಳ ಬಗ್ಗೆ ನನಗೇನೂ ತಕರಾರಿಲ್ಲ, ಆದರೆ ಅವನ್ನು ಹುಡುಕಿಕೊಡಲು ಯಾರೂ ಬೇಕಾಗಿಲ್ಲ. ನಾನು ಹೇಳಹೊರಟಿರೋದು 2025ರಲ್ಲಿ ಬಂದ ಬೇರೆ ನಾಲ್ಕು ಆಲ್ಬಮ್‌ಗಳ ಬಗ್ಗೆ. ನಾಲ್ಕೂ ನ್ಯೂಜಿಲೆಂಡ್‌ನ ದಕ್ಷಿಣ ದ್ವೀಪದವರು ಮಾಡಿದ್ದು. ಅಲ್ಲಿ ಈ ಹೆಸರುಗಳು ಮನೆಮಾತು. ಬೆಂಗಳೂರಿನಲ್ಲಿ ಇಂಡೀ, ರಾಕ್ ಅಂತ ತಲೆ ಕೆಡಿಸಿಕೊಳ್ಳುವ ನನ್ನ ಗೆಳೆಯರ ವಾಟ್ಸ್ಯಾಪ್ ಗುಂಪಿನಲ್ಲಿ ಕೇಳಿದೆ, ಹದಿನೆಂಟು ಜನರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ನನಗಾದರೂ ಗೊತ್ತಾಗಿದ್ದು ಅಲ್ಲಿಗೆ ಹೋಗಿದ್ದರಿಂದಲೇ. ನವೆಂಬರ್‌ನಲ್ಲಿ ಆಕ್ಲೆಂಡ್‌ನಲ್ಲಿ ಆರು ವಾರ ಕ್ಲೈಂಟ್ ಕೆಲಸವಿತ್ತು. ವಾರಾಂತ್ಯಕ್ಕೆ ಎರಡು ದಿನ ರಜೆ ಸೇರಿಸಿ ಕ್ರೈಸ್ಟ್‌ಚರ್ಚ್‌ಗೆ ವಿಮಾನ ಹತ್ತಿದೆ, ಅಲ್ಲಿಂದ ಬಾಡಿಗೆ ಕಾರು. ಎಲ್ಲರೂ ಪಶ್ಚಿಮಕ್ಕೆ, ಕ್ವೀನ್ಸ್‌ಟೌನ್ ಕಡೆ ಹೋಗ್ತಾರೆ. ಇನ್‌ಸ್ಟಾಗ್ರಾಮ್‌ನಲ್ಲಿ ನೀವು ನೋಡಿರುವ ನೀಲಿ ಸರೋವರಗಳೆಲ್ಲ ಆ ಕಡೆಯವೇ. ನಾನು ದಕ್ಷಿಣಕ್ಕೆ, ಸಮುದ್ರದ ಪಕ್ಕದ ಒಂದನೇ ಹೆದ್ದಾರಿ ಹಿಡಿದೆ. ಆಕ್ಲೆಂಡ್ ಆಫೀಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಸಹೋದ್ಯೋಗಿ, ಅದೇ ಕಡೆಯವನು, "ಆ ರಸ್ತೆಯಲ್ಲಿ ನೋಡೋದು ಕಡಿಮೆ, ಕೇಳೋದು ಜಾಸ್ತಿ" ಅಂತ ಹೇಳಿ ನಾಲ್ಕು ಆಲ್ಬಮ್‌ಗಳ ಹೆಸರು ಬರೆದುಕೊಟ್ಟಿದ್ದ.

ಮೊದಲು ಲಿಟಲ್‌ಟನ್. ಕ್ರೈಸ್ಟ್‌ಚರ್ಚ್‌ನ ಬಂದರು ಇದು. ನಗರಕ್ಕೂ ಇದಕ್ಕೂ ನಡುವೆ ಬೆಟ್ಟದ ಸಾಲು. 1964ರಲ್ಲಿ ತೆರೆದ, ಸುಮಾರು ಎರಡು ಕಿಲೋಮೀಟರ್ ಉದ್ದದ ಸುರಂಗ ದಾಟಿ ಹೊರಬಂದರೆ ಎದುರಿಗೆ ದಿಢೀರಂತ ಹಡಗುಗಳು. ಹಳೆಯ ಜ್ವಾಲಾಮುಖಿಯ ಬಾಯಿಯೊಳಗೆ ಸಮುದ್ರ ನುಗ್ಗಿ ಆದ ಬಂದರು ಅದು. ಊರು ಆ ಬಾಯಿಯ ಅಂಚಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೂತಿದೆ. 2011ರ ಫೆಬ್ರವರಿ 22ರಂದು ಕ್ರೈಸ್ಟ್‌ಚರ್ಚ್‌ನಲ್ಲಿ 185 ಜನರನ್ನು ಬಲಿ ತೆಗೆದುಕೊಂಡ ಭೂಕಂಪದ ಕೇಂದ್ರ ಇದ್ದದ್ದು ಇಲ್ಲೇ ಹತ್ತಿರದಲ್ಲಿ. ಹಡಗಿನವರು ಗಡಿಯಾರ ಸರಿಮಾಡಿಕೊಳ್ಳಲೆಂದು 1876ರಲ್ಲಿ ಕಟ್ಟಿದ್ದ ಕಲ್ಲಿನ ಗೋಪುರವೊಂದು ಗುಡ್ಡದ ಮೇಲಿತ್ತು. ದೊಡ್ಡ ಗೋಳವೊಂದು ಗೊತ್ತಾದ ಸಮಯಕ್ಕೆ ಕಂಬದಿಂದ ಕೆಳಗಿಳಿಯೋದು, ಅದನ್ನು ನೋಡಿ ಹಡಗಿನವರು ಗಡಿಯಾರದ ಮುಳ್ಳು ತಿರುಗಿಸೋರು. ಭೂಕಂಪದ ವರ್ಷ ಅದೂ ಕುಸಿಯಿತು. 2018ರಲ್ಲಿ ಮತ್ತೆ ಎಬ್ಬಿಸಿ ನಿಲ್ಲಿಸಿದ್ದಾರೆ.

ಈ ಊರಲ್ಲಿ ಬೆಳೆದವನು ಮಾರ್ಲನ್ ವಿಲಿಯಮ್ಸ್. ಇಂಗ್ಲಿಷ್‌ನಲ್ಲಿ ಮೂರು ಆಲ್ಬಮ್ ಮಾಡಿ, ಹೊರದೇಶಗಳಲ್ಲೂ ಒಳ್ಳೆ ಹೆಸರು ಮಾಡಿದ್ದ. ಆಮೇಲೆ 2025ರ ಏಪ್ರಿಲ್‌ನಲ್ಲಿ 'ತೆ ಫರೆ ತೀವೆಕವೆಕ' ತಂದ. ಪೂರ್ತಿ ಮಾವೊರಿ ಭಾಷೆಯಲ್ಲಿ. ಹೆಸರಿನ ಅರ್ಥ ಅಸ್ತವ್ಯಸ್ತ ಮನೆ.

ಇದು ಎಷ್ಟು ದೊಡ್ಡ ಹೆಜ್ಜೆ ಅಂತ ತಿಳಿಯಬೇಕಾದರೆ ಒಂಚೂರು ಹಿನ್ನೆಲೆ ಬೇಕು. ಶಾಲೆಯಲ್ಲಿ ಮಾವೊರಿ ಮಾತಾಡಿದರೆ ಮಕ್ಕಳಿಗೆ ಏಟು ಬೀಳುತ್ತಿದ್ದ ಕಾಲವೊಂದಿತ್ತು. ಎರಡು ತಲೆಮಾರು ಭಾಷೆ ಕಳೆದುಕೊಂಡಿತು. 1982ರಲ್ಲಿ 'ಕೊಹಾಂಗ ರೆಒ' ಅಂದರೆ ಭಾಷೆಯ ಗೂಡು ಎಂಬ ಶಿಶುವಿಹಾರಗಳು ಶುರುವಾದವು. ಅಜ್ಜ-ಅಜ್ಜಿಯರು ಕೂತು ಮೊಮ್ಮಕ್ಕಳ ಜೊತೆ ಮಾವೊರಿಯಲ್ಲೇ ಮಾತಾಡೋದು, ಅಷ್ಟೇ ಉಪಾಯ. 1987ರಲ್ಲಿ ಅದು ಅಧಿಕೃತ ಭಾಷೆಯಾಯಿತು. ಮಾರ್ಲನ್ ಮನೆಮಾತಾಗಿ ಅದನ್ನು ಆಡುತ್ತಾ ಬೆಳೆದವನಲ್ಲ, ದೊಡ್ಡವನಾದ ಮೇಲೆ ಮತ್ತೆ ಕಲಿತವನು. ಈ ಹಾಡುಗಳನ್ನು ಬರೆಯಲು ಕೊಮ್ಮಿ ಎಂಬ ರಾಪ್ ಕಲಾವಿದ ಜೊತೆಗಿದ್ದರು, ಅವರು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವವರು ಕೂಡ. ಒಂದು ಹಾಡಿನಲ್ಲಿ ಲಾರ್ಡ್ ಹಾಡಿದ್ದಾಳೆ, ಅದೂ ಮಾವೊರಿಯಲ್ಲೇ. ಅಷ್ಟು ದೊಡ್ಡ ಪಾಪ್ ತಾರೆ ಇದ್ದರೂ ನಮ್ಮ ಫೋನಿಗೆ ಇದು ಬರಲಿಲ್ಲ ನೋಡಿ.

ಕೇಳುವಾಗ ನನಗೆ ಮೊದಲು ಅನ್ನಿಸಿದ್ದು, ಅರೆ, ಕಿವಿಗೆ ಇದು ಹೊಸದೇ ಅಲ್ಲವಲ್ಲ ಅಂತ. ಕಾರಣ ಆಮೇಲೆ ಹೊಳೆಯಿತು. ಮಾವೊರಿಯಲ್ಲಿ ಪ್ರತಿ ಅಕ್ಷರವೂ ಸ್ವರದಲ್ಲೇ ಮುಗಿಯುತ್ತೆ. ನಾವು ಬಸ್ಸು, ಕಾರು, ಬುಕ್ಕು ಅಂತ ಇಂಗ್ಲಿಷ್ ಪದಗಳಿಗೆ ಬಾಲ ಸೇರಿಸ್ತೀವಲ್ಲ, ಅವರೂ ಹಾಗೇ. ಬಸ್ಸಿಗೆ 'ಪಹಿ', ಶೀಪ್‌ಗೆ 'ಹಿಪಿ'. ದೀರ್ಘ, ಹ್ರಸ್ವದ ವ್ಯತ್ಯಾಸವೂ ನಮ್ಮ ಹಾಗೇ, ಸ್ವರ ಎಳೆದರೆ ಅರ್ಥ ಬದಲಾಗುತ್ತೆ. ಅದಕ್ಕೇ ಇರಬೇಕು, ಒಂದು ಪದ ಅರ್ಥವಾಗದಿದ್ದರೂ ಎರಡನೇ ಸಲ ಕೇಳುವಾಗಲೇ ಪಲ್ಲವಿ ಬಾಯಿಗೆ ಬಂದಿತ್ತು. ಇನ್ನೊಂದು ವಿಷಯ, ಉತ್ತರದವರು 'ಙ' ಅನ್ನುವ ಕಡೆ ದಕ್ಷಿಣದವರು 'ಕ' ಅನ್ನುತ್ತಾರೆ. ಉತ್ತರದವರ ಬಾಯಲ್ಲಿ 'ಙಾಯ್ ತಾಹು' ಆಗುವ ಬುಡಕಟ್ಟು ಇಲ್ಲಿ 'ಕಾಯ್ ತಾಹು'. ಧಾರವಾಡದವರು, ಮೈಸೂರಿನವರು ಒಬ್ಬರನ್ನೊಬ್ಬರು ಕಾಲೆಳೆಯುವ ಹಾಗೆ ಇಲ್ಲೂ ನಡೆಯುತ್ತಂತೆ.

ನಮ್ಮ ಕಡೆ ರಾಕ್ ಅಂದ್ರೆ ಇಂಗ್ಲಿಷ್ ಅನ್ನುವುದು ತುಂಬಾ ದಿನ ನಡೆಯಿತು. ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಮ್‌ನಲ್ಲಿ ಶಿಶುನಾಳ ಶರೀಫರನ್ನು ಗಿಟಾರ್ ಜೊತೆ ಕೂರಿಸಿದಾಗ ನಾನು ಹೈಸ್ಕೂಲು. ಆದರೂ ಎಂಜಿನಿಯರಿಂಗ್ ಸೇರಿದ ಮೇಲೆ ನಮ್ಮ ಹಾಸ್ಟೆಲ್ ಬ್ಯಾಂಡು ಬರೆದ ಹಾಡುಗಳೆಲ್ಲ ಇಂಗ್ಲಿಷೇ. ಆ ವಿಷಯಕ್ಕೆ ಮುಂದೆ ಬರ್ತೀನಿ.

ಲಿಟಲ್‌ಟನ್ ಬಿಟ್ಟು ಮತ್ತೆ ಸುರಂಗ ದಾಟಿ ದಕ್ಷಿಣಕ್ಕೆ ತಿರುಗಿದರೆ ಕ್ಯಾಂಟರ್‌ಬರಿ ಬಯಲು. ಡನೀಡಿನ್‌ಗೆ 360 ಕಿಲೋಮೀಟರ್, ಅದರಲ್ಲಿ ಅರ್ಧ ಭಾಗ ರೂಲರ್ ಇಟ್ಟು ಗೀಚಿದಂಥ ರಸ್ತೆ. ಎಡಬಲ ಹುಲ್ಲು, ಕುರಿ, ಗಾಳಿ ತಡೆಯಲು ಬೆಳೆಸಿದ ಎತ್ತರದ ಮರಗಳ ಬೇಲಿ. ರಕಾಯಾ ನದಿಯ ಮೇಲಿನ ಸೇತುವೆ ಒಂದೂಮುಕ್ಕಾಲು ಕಿಲೋಮೀಟರ್, ಆ ದೇಶದಲ್ಲೇ ಉದ್ದದ್ದು. ಕೆಳಗೆ ನೀರಿಗಿಂತ ಬೆಣಚುಕಲ್ಲೇ ಜಾಸ್ತಿ, ನದಿ ಜಡೆ ಬಿಚ್ಚಿದ ಹಾಗೆ ಹತ್ತು ಕವಲಾಗಿ ಹರಿಯುತ್ತೆ.

ಇಲ್ಲಿಗೆ 'ದಿ ಬ್ಯಾಟ್ಸ್' ಸರಿ. ಕ್ರೈಸ್ಟ್‌ಚರ್ಚ್‌ನ ಬ್ಯಾಂಡು. 1982ರಲ್ಲಿ ಶುರುವಾದಾಗ ಇದ್ದ ನಾಲ್ವರೇ ಇವತ್ತಿಗೂ ಇದ್ದಾರೆ: ರಾಬರ್ಟ್ ಸ್ಕಾಟ್, ಕೇ ವುಡ್‌ವರ್ಡ್, ಪಾಲ್ ಕೀನ್, ಮಾಲ್ಕಮ್ ಗ್ರಾಂಟ್. ನಲವತ್ತಮೂರು ವರ್ಷ! ನಮ್ಮ ಆಫೀಸಿನಲ್ಲಿ ಒಂದು ಟೀಮು ನಲವತ್ತಮೂರು ವಾರ ಹಾಗೇ ಉಳಿದರೆ ಕೇಕ್ ಕತ್ತರಿಸ್ತೀವಿ. ಅಕ್ಟೋಬರ್‌ನಲ್ಲಿ ಬಂದ ಅವರ 'ಕಾರ್ನರ್ ಕಮಿಂಗ್ ಅಪ್'ನಲ್ಲಿ ಹೊಸತೇನೂ ಇಲ್ಲ. ಎರಡು ಗಿಟಾರುಗಳು ಒಂದಕ್ಕೊಂದು ತಾಗುತ್ತಾ ಗಣಗಣ ಅನ್ನುತ್ತವೆ, ಹಿಂದೆ ತಾಳ ಒಂದೇ ಹದದಲ್ಲಿ, ಸ್ಕಾಟ್ ತನ್ನ ಪಕ್ಕದ ಮನೆಯವನ ದನಿಯಲ್ಲಿ ಹಾಡುತ್ತಾನೆ. ಹೊಸತನವೇ ಬೇಕು ಅನ್ನುವವರಿಗೆ ಇದು ಬೋರು. ಆ ನೇರ ರಸ್ತೆಯಲ್ಲಿ ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಕೇಳುವಾಗ ಮಾತ್ರ, ಇದು ಈ ಬಯಲಿನದೇ ಲಯ ಅನ್ನಿಸಿತು. ಬದಲಾಗದೆ ಇರುವುದೂ ಒಂದು ಕೆಲಸ, ಅವರು ಅದನ್ನು ಚೆನ್ನಾಗಿ ಮಾಡ್ತಾರೆ.

ಒಮಾರು ಊರಿನ ಬಿಳಿ ಸುಣ್ಣಕಲ್ಲಿನ ಕಟ್ಟಡಗಳನ್ನು ಕಾಫಿ ಕುಡಿಯುವಷ್ಟು ಹೊತ್ತು ನೋಡಿದೆ. ಸಂಜೆ ನೀಲಿ ಪೆಂಗ್ವಿನ್‌ಗಳು ದಡಕ್ಕೆ ಬರುತ್ತವೆ, ನಾನು ನಿಲ್ಲಲಿಲ್ಲ. ಮೊಯೆರಾಕಿ ಕಡಲತೀರದಲ್ಲಿ ಮಾತ್ರ ಅರ್ಧ ಗಂಟೆ. ಮರಳಿನ ಮೇಲೆ ಆಳೆತ್ತರದ ಕಲ್ಲಿನ ಗುಂಡುಗಳು ಬಿದ್ದಿವೆ, ದೈತ್ಯನ ಮಗು ಗೋಲಿ ಆಡಿ ಬಿಟ್ಟು ಹೋದ ಹಾಗೆ. ಒಡೆದುಹೋದ 'ಆರಾಯ್‌ತೆಉರು' ಎಂಬ ದೋಣಿಯಿಂದ ತೇಲಿಬಂದ ಬುಟ್ಟಿ, ಸೋರೆಬುರುಡೆಗಳೇ ಕಲ್ಲಾದವು ಅನ್ನುತ್ತೆ ಕಾಯ್ ತಾಹು ಜನರ ಕಥೆ. ಭೂವಿಜ್ಞಾನಿಗಳು ಬೇರೆ ಹೇಳುತ್ತಾರೆ, ಅದೂ ಚೆನ್ನಾಗಿದೆ, ಆದರೆ ಬುಟ್ಟಿಯ ಕಥೆ ಮುಂದೆ ಸಪ್ಪೆ.

ಡನೀಡಿನ್ ಅನ್ನುವುದು ಎಡಿನ್‌ಬರೋದ ಗೇಲಿಕ್ ಹೆಸರು. 1848ರಲ್ಲಿ ಬಂದ ಸ್ಕಾಟ್‌ಲೆಂಡಿನವರು ಊರಿನ ಹೆಸರಷ್ಟೇ ಅಲ್ಲ, ಪ್ರಿನ್ಸಸ್ ಸ್ಟ್ರೀಟ್, ಜಾರ್ಜ್ ಸ್ಟ್ರೀಟ್ ಅಂತ ಬೀದಿಗಳನ್ನೂ ಹೊತ್ತು ತಂದರು. ಕಾಗದದ ಮೇಲೆ ಚೌಕುಳಿ ಗೆರೆ ಎಳೆದರು, ಕೆಳಗೆ ಗುಡ್ಡ ಇದೆಯೋ ಇಲ್ಲವೋ ನೋಡಲಿಲ್ಲ. ಅದರ ಫಲವೇ ಜಗತ್ತಿನ ಅತ್ಯಂತ ಕಡಿದಾದ ಬೀದಿ ಅನ್ನಿಸಿಕೊಂಡಿರುವ ಬಾಲ್ಡ್‌ವಿನ್ ಸ್ಟ್ರೀಟ್. 2019ರಲ್ಲಿ ವೇಲ್ಸ್‌ನ ಒಂದು ಬೀದಿ ಗಿನ್ನೆಸ್ ಪಟ್ಟ ಕಿತ್ತುಕೊಂಡಿತ್ತು, ಮುಂದಿನ ವರ್ಷ ಇವರು ವಾಪಸ್ ಪಡೆದರು. ನಡುವೆ ಎಂಟು ಮೂಲೆಯ ಚೌಕ, ಅಲ್ಲಿ ಕವಿ ರಾಬರ್ಟ್ ಬರ್ನ್ಸ್ ಪ್ರತಿಮೆ. ಊರಿನ ಜನಸಂಖ್ಯೆ ಸುಮಾರು 1.3 ಲಕ್ಷ, ಅದರಲ್ಲಿ ಒಟಾಗೊ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳದ್ದೇ ದರ್ಬಾರು.

ಈ ಊರಿಗೆ ಒಂದು ಸದ್ದಿದೆ. 1981ರಲ್ಲಿ ಕ್ರೈಸ್ಟ್‌ಚರ್ಚ್‌ನಲ್ಲಿ ರೋಜರ್ ಶೆಪರ್ಡ್ 'ಫ್ಲೈಯಿಂಗ್ ನನ್' ಎಂಬ ಪುಟ್ಟ ಲೇಬಲ್ ಶುರು ಮಾಡಿದರು. ಅದೇ ವರ್ಷ ಡನೀಡಿನ್‌ನ 'ದಿ ಕ್ಲೀನ್' ಬ್ಯಾಂಡಿನ 'ಟ್ಯಾಲಿ ಹೋ' ಬಂತು. ಧ್ವನಿಮುದ್ರಣದ ಖರ್ಚು ಐವತ್ತು ಡಾಲರ್ ಅಂತ ಎಲ್ಲರೂ ಹೇಳುತ್ತಾರೆ. ಆ ಹಾಡು ದೇಶದ ಪಟ್ಟಿಯಲ್ಲಿ 19ನೇ ಸ್ಥಾನಕ್ಕೇರಿತು. ಮುಂದಿನ ವರ್ಷ ಇಲ್ಲಿನ ನಾಲ್ಕು ಬ್ಯಾಂಡುಗಳನ್ನು ಸೇರಿಸಿ 'ಡನೀಡಿನ್ ಡಬಲ್' ತಂದರು. ಕ್ರಿಸ್ ನಾಕ್ಸ್ ಬಳಿ ಇದ್ದ ನಾಲ್ಕು ಟ್ರ್ಯಾಕಿನ ಟೀಯಾಕ್ ಟೇಪ್ ಯಂತ್ರವೇ ಸ್ಟುಡಿಯೋ. ಗಣಗಣ ಗಿಟಾರು, ಹಿಂದೆ ಶ್ರುತಿಪೆಟ್ಟಿಗೆ ಥರ ಎಳೆಯುವ ಆರ್ಗನ್, ಮಂಜಿನೊಳಗಿಂದ ಬಂದಂಥ ದನಿ. ಅದನ್ನು 'ಡನೀಡಿನ್ ಸೌಂಡ್' ಅಂತ ಪತ್ರಿಕೆಗಳು ಕರೆದವು. ಆ ಬ್ಯಾಂಡಿನವರಲ್ಲಿ ಹಲವರಿಗೆ ಈ ಹಣೆಪಟ್ಟಿ ಇಷ್ಟವಿರಲಿಲ್ಲ. ಆದರೆ ಮುಂದೆ ಅಮೆರಿಕದ ಎಷ್ಟೋ ಇಂಡೀ ಬ್ಯಾಂಡುಗಳು ಇಲ್ಲಿಂದ ಕಲಿತವು.

ಅವತ್ತು 'ಟ್ಯಾಲಿ ಹೋ'ದಲ್ಲಿ ಆರ್ಗನ್ ನುಡಿಸಿದ ಹದಿನೆಂಟರ ಹುಡುಗ ಮಾರ್ಟಿನ್ ಫಿಲಿಪ್ಸ್. ಅವನದೇ ಬ್ಯಾಂಡು 'ದಿ ಚಿಲ್ಸ್', 1980ರಿಂದ. ಬ್ಯಾಟ್ಸ್‌ಗೆ ಪೂರ್ತಿ ತದ್ವಿರುದ್ಧ: ಇಪ್ಪತ್ತಕ್ಕೂ ಹೆಚ್ಚು ಜನ ಬಂದು ಹೋದರು, ಉಳಿದವನು ಅವನೊಬ್ಬನೇ. ಡ್ರಮ್ಮರ್ ಮಾರ್ಟಿನ್ ಬುಲ್ 1983ರಲ್ಲಿ ಲ್ಯುಕೇಮಿಯಾದಿಂದ ತೀರಿಕೊಂಡ. ಹೋಗುವ ಮುಂಚೆ ತನ್ನ ಚರ್ಮದ ಜಾಕೆಟ್ ಗೆಳೆಯನಿಗೆ ಬಿಟ್ಟುಹೋದ, ಅದರ ಮೇಲೆ ಫಿಲಿಪ್ಸ್ ಹಾಡೇ ಬರೆದ. 1990ರ 'ಸಬ್‌ಮರೀನ್ ಬೆಲ್ಸ್' ದೇಶದಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಆಮೇಲೆ ಬ್ಯಾಂಡು ಚೂರಾಯಿತು, ಮಾದಕವಸ್ತು, ಹೆಪಟೈಟಿಸ್ ಸಿ. ಹೆಚ್ಚು ದಿನ ಇಲ್ಲ ಅಂತ ವೈದ್ಯರು ಹೇಳುವ ದೃಶ್ಯ 2019ರ ಸಾಕ್ಷ್ಯಚಿತ್ರದಲ್ಲಿದೆ. ಹೊಸ ಔಷಧಿಯಿಂದ ಸೋಂಕು ಹೋಯಿತು, ಮತ್ತೆ ಹಾಡುಗಳು ಬಂದವು.

ಬದುಕಿನ ಕೊನೆಗೆ ಅವನು ಎತ್ತಿಕೊಂಡ ಕೆಲಸ ವಿಚಿತ್ರ. ಹದಿಹರೆಯದಲ್ಲಿ, ಇಪ್ಪತ್ತರ ಆಸುಪಾಸಿನಲ್ಲಿ ಬರೆದು ಯಾವತ್ತೂ ಸ್ಟುಡಿಯೋಗೆ ಹೋಗದ ಹಾಡುಗಳನ್ನು ಹುಡುಕಿ ತೆಗೆದ. ಹುಡುಗನ ಸಾಲುಗಳನ್ನು ಅರವತ್ತರವನು ತಿದ್ದಿದ, ಕೆಲವು ಕಡೆ ಹೊಸದಾಗಿ ಬರೆದ. ನೀಲ್ ಫಿನ್ ಅಂಥವರು ಬಂದು ದನಿ ಕೊಟ್ಟರು. 2024ರ ಜುಲೈ 28ರಂದು ಫಿಲಿಪ್ಸ್ ಡನೀಡಿನ್‌ನಲ್ಲಿ ತೀರಿಕೊಂಡ, 61 ವರ್ಷ. 'ಸ್ಪ್ರಿಂಗ್ ಬೋರ್ಡ್' ಹೊರಬಂದದ್ದು 2025ರ ಫೆಬ್ರವರಿಯಲ್ಲಿ.

ಇಪ್ಪತ್ತು ಹಾಡುಗಳಿವೆ. ನಿಜ ಹೇಳಬೇಕಂದ್ರೆ ಐದನ್ನು ಕೈಬಿಡಬಹುದಿತ್ತು, ನಡುವೆ ಉಸಿರು ಕಟ್ಟುತ್ತೆ. ಆದರೆ ಉಳಿದ ಹದಿನೈದರಲ್ಲಿ ಏನೋ ಇದೆ. ರಾಗ ಹುಡುಗನದು, ಆತುರದ್ದು, ಹಾರಾಡುವಂಥದ್ದು. ಹಾಡುವ ಗಂಟಲು ಮಾತ್ರ ಎಲ್ಲವನ್ನೂ ನೋಡಿ ಬಂದವನದು. ಆ ಎರಡೂ ಒಂದೇ ಹಾಡಿನಲ್ಲಿ ಪಕ್ಕಪಕ್ಕ ಕೂತಿರುವುದನ್ನು ನಾನು ಬೇರೆಲ್ಲೂ ಕೇಳಿಲ್ಲ. ರಾತ್ರಿ ಒಂಬತ್ತಕ್ಕೂ ಅಲ್ಲಿ ಬೆಳಕಿತ್ತು. ಸ್ಟೇಷನ್ ಎದುರಿನ ತೋಟದ ಬೆಂಚಿನ ಮೇಲೆ ಕೂತು ಪೂರ್ತಿ ಕೇಳಿದೆ. 1906ರ ಆ ರೈಲ್ವೆ ಸ್ಟೇಷನ್ ಕಪ್ಪು ಕಲ್ಲಿಗೆ ಒಮಾರುವಿನ ಬಿಳಿ ಕಲ್ಲಿನ ಅಂಚು ಕಟ್ಟಿದ ಕಟ್ಟಡ, ಗೋಡೆ ನೋಡಿದರೆ ಹುಟ್ಟುಹಬ್ಬದ ಕೇಕು.

ಹಾಸ್ಟೆಲ್ ಬ್ಯಾಂಡಿನ ವಿಷಯ ಹೇಳ್ತೀನಿ ಅಂದಿದ್ದೆನಲ್ಲ. ದಾವಣಗೆರೆಯಲ್ಲಿ ನಾವು ನಾಲ್ವರು. ಒಂಬತ್ತು ಹಾಡು ಬರೆದಿದ್ವಿ, ಎಲ್ಲವೂ ಮೊಬೈಲಿನಲ್ಲಿ ರೆಕಾರ್ಡ್ ಆದದ್ದು. ಫ್ಯಾನ್ ಸದ್ದು, ಮೆಸ್ ಬೆಲ್ಲು, ಪಕ್ಕದ ರೂಮಿನವನ ಬೈಗುಳ ಎಲ್ಲ ಅದರಲ್ಲಿವೆ. ಬೇಸ್ ನುಡಿಸುತ್ತಿದ್ದವನು ಈಗ ಶಿವಮೊಗ್ಗದಲ್ಲಿ ಅಡಿಕೆ ತೋಟ ನೋಡಿಕೊಳ್ತಾನೆ. ಡ್ರಮ್ಮರ್ ಡಲ್ಲಾಸ್‌ನಲ್ಲಿ. ಇನ್ನೊಬ್ಬನಿಗೆ ಎರಡು ಮಕ್ಕಳು, ಗಿಟಾರ್ ಮಾರಿಬಿಟ್ಟ. ಆ ಬೆಂಚಿನಿಂದಲೇ ಗುಂಪಿಗೆ ಮೆಸೇಜ್ ಹಾಕಿದೆ: ಆ ಒಂಬತ್ತರಲ್ಲಿ ಮೂರನ್ನಾದರೂ ಕನ್ನಡದಲ್ಲಿ ತಿರುಗಿ ಬರೆದು ಸರಿಯಾಗಿ ಮುದ್ರಿಸೋಣವಾ ಅಂತ. ಅಡಿಕೆಯವನು ತಕ್ಷಣ ಉತ್ತರಿಸಿದ, ಕೊಯ್ಲು ಮುಗೀಲಿ. ಡಲ್ಲಾಸ್‌ನಿಂದ ಬರೀ ಒಂದು ಹೆಬ್ಬೆರಳು. ಮೂರನೆಯವನು ಓದಿದ್ದಾನೆ, ನೀಲಿ ಗೆರೆ ಕಾಣ್ತಿತ್ತು.

ಮರುದಿನ ಬೆಳಿಗ್ಗೆ ಒಂದು ರೆಕಾರ್ಡ್ ಅಂಗಡಿಗೆ ಹೋಗಿ 'ಸ್ಪ್ರಿಂಗ್ ಬೋರ್ಡ್' ತಟ್ಟೆ ಕೊಂಡೆ. ನಮ್ಮ ಲೆಕ್ಕದಲ್ಲಿ ಮೂರು ಸಾವಿರದ ಹತ್ತಿರ. ನನ್ನ ಮನೇಲಿ ಪ್ಲೇಯರ್ ಇಲ್ಲ ಅಂದಾಗ ಕೌಂಟರಿನಾಕೆ, ಅರ್ಧ ಜನರ ಮನೆಯಲ್ಲಿ ಇಲ್ಲ ಅಂದಳು. ಯಾಕೆ ಕೊಂಡೆ ಅನ್ನುವುದಕ್ಕೆ ನನ್ನ ವೃತ್ತಿಯ ಕಡೆಯಿಂದ ಒಂದು ಕಾರಣ ಇದೆ. ನಾನು ಕೆಲಸ ಮಾಡೋದು ಶಿಫಾರಸು ಮಾಡುವ ತಂತ್ರಾಂಶಗಳ ಮೇಲೆ, ಸಂಗೀತದ್ದಲ್ಲ, ಅಂಗಡಿ ಸಾಮಾನಿನದು. ತರ್ಕ ಮಾತ್ರ ಒಂದೇ: ನಿಮ್ಮಂಥವರು ಇನ್ನೇನು ತೆಗೆದುಕೊಂಡರೋ ಅದನ್ನೇ ನಿಮಗೆ ತೋರಿಸೋದು. ಬೆಂಗಳೂರಿನಲ್ಲಿ ಯಾರೂ ಚಿಲ್ಸ್ ಕೇಳಿಲ್ಲ ಅಂದ್ರೆ ಬೆಂಗಳೂರಿನವರಿಗೆ ಚಿಲ್ಸ್ ತೋರಿಸಲು ಅದರ ಬಳಿ ಕಾರಣವೇ ಇಲ್ಲ. ತೋರಿಸದಿದ್ದರೆ ಯಾರೂ ಕೇಳಲ್ಲ. ಅಲ್ಗಾರಿದಮ್‌ಗೆ ಇದರಲ್ಲಿ ದ್ವೇಷವಿಲ್ಲ, ಬರೀ ಅಂಕಿ ಇಲ್ಲ. ದುಡ್ಡಿನ ಕಥೆ ಇನ್ನೂ ಕಷ್ಟ. ಸ್ಪಾಟಿಫೈನಲ್ಲಿ ಮೂವತ್ತು ಸೆಕೆಂಡು ಕೇಳಿದರೆ ಒಂದು ಎಣಿಕೆ, 2024ರಿಂದ ಹನ್ನೆರಡು ತಿಂಗಳಲ್ಲಿ ಸಾವಿರ ಎಣಿಕೆ ದಾಟದ ಹಾಡಿಗೆ ರಾಯಧನವೇ ಇಲ್ಲ. ಈ ನಾಲ್ವರು ಆ ಗೆರೆ ದಾಟಿದವರು ಬಿಡಿ. ಆದರೆ ನಾಲ್ಕು ಟ್ರ್ಯಾಕಿನ ಯಂತ್ರ ಹಿಡಿದು ಈಗ ಯಾವುದೋ ಚಳಿ ಹೊಡೆಯುವ ಬಾಡಿಗೆ ರೂಮಿನಲ್ಲಿ ಕೂತಿರುವ ಹುಡುಗರು? ದಾವಣಗೆರೆಯವರು?

ಕೊನೆಗೆ ಪೋರ್ಟ್ ಚಾಮರ್ಸ್. ಡನೀಡಿನ್‌ನಿಂದ ಕೊಲ್ಲಿಯ ಅಂಚಿನಲ್ಲೇ ಕಾಲು ಗಂಟೆಯ ದಾರಿ. 1882ರಲ್ಲಿ ಶೈತ್ಯೀಕರಿಸಿದ ಮಾಂಸ ಹೊತ್ತು 'ಡನೀಡಿನ್' ಹಡಗು ಲಂಡನ್‌ಗೆ ಹೊರಟದ್ದು ಇಲ್ಲಿಂದ, ಆ ದೇಶದ ಹಣೆಬರಹವನ್ನೇ ಬದಲಿಸಿದ ಪಯಣ ಅದು. 1910ರಲ್ಲಿ ಕ್ಯಾಪ್ಟನ್ ಸ್ಕಾಟ್ ದಕ್ಷಿಣ ಧ್ರುವಕ್ಕೆ ಹೋಗುವ ಮುನ್ನ ನಿಂತ ಕೊನೆಯ ಬಂದರೂ ಇದೇ, ಅವನು ವಾಪಸ್ ಬರಲಿಲ್ಲ. ಇಷ್ಟೆಲ್ಲ ಆಗಿಹೋದ ಊರಿನಲ್ಲಿ ಈಗ ಇರುವುದು ಒಂದೇ ಮುಖ್ಯ ಬೀದಿ, ಅದರ ತುದಿಯಲ್ಲಿ ಮನೆಗಳಿಗಿಂತ ಎತ್ತರದ ಕಂಟೇನರ್ ಕ್ರೇನುಗಳು, ರಫ್ತಿಗೆ ಕಾದ ಮರದ ದಿಮ್ಮಿಗಳ ರಾಶಿ. ಗಾಳಿಯಲ್ಲಿ ಪೈನ್ ವಾಸನೆ. ಒಂದು ಕಾಲಕ್ಕೆ ಬ್ಯಾಂಡುಗಳು ಕಿಕ್ಕಿರಿಯುತ್ತಿದ್ದ ಚಿಕ್ಸ್ ಹೋಟೆಲ್‌ನಲ್ಲಿ ಈಗ ಕಛೇರಿಗಳಿಲ್ಲ.

ನಾಡಿಯಾ ರೀಡ್ ಬೆಳೆದದ್ದು ಇಲ್ಲಿ. ಫೆಬ್ರವರಿಯಲ್ಲಿ ಬಂದ 'ಎಂಟರ್ ನೌ ಬ್ರೈಟ್‌ನೆಸ್' ಅವಳ ನಾಲ್ಕನೇ ಆಲ್ಬಮ್. ಐದು ವರ್ಷಗಳ ಬಿಡುವು, ಅಷ್ಟರಲ್ಲಿ ಮಕ್ಕಳಾದರು, ಸಂಸಾರ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ಗೆ ಹೋಯಿತು. ಮೊದಲಿನ ಆಲ್ಬಮ್‌ಗಳಲ್ಲಿ ಗಿಟಾರು, ದನಿಯೇ ಮುಂದೆ. ಇದರಲ್ಲಿ ಸಿಂಥ್ ಇದೆ, ಜಾಗ ದೊಡ್ಡದಾಗಿದೆ. ನಾಲ್ಕರಲ್ಲಿ ನನಗೆ ಅತಿ ಹೆಚ್ಚು ಹಿಡಿಸಿದ್ದು ಇದೇ. ತಾಯ್ತನದ ಹಾಡುಗಳು ಸಾಮಾನ್ಯವಾಗಿ ಲಾಲಿ ಆಗಿಬಿಡುತ್ತವೆ, ಇವು ಆಗಿಲ್ಲ. ಸುಸ್ತು, ಸಿಟ್ಟು, ದೂರ ಹೋಗುವ ಆಸೆ, ಬಿಟ್ಟು ಬಂದದ್ದರ ನೆನಪು ಎಲ್ಲ ಒಂದೇ ಉಸಿರಿನಲ್ಲಿ ಬರುತ್ತವೆ. ಊರು ಬಿಟ್ಟವಳ ಆಲ್ಬಮ್ಮನ್ನು ಅವಳು ಬಿಟ್ಟ ಊರಿನಲ್ಲೇ ನಿಂತು ಕೇಳುವುದು ಸ್ವಲ್ಪ ಕಳ್ಳತನದ ಹಾಗೆ. ಗುಡ್ಡದ ಮೇಲಿನ ಕಟ್ಟೆಯಲ್ಲಿ ನಿಂತು ಕೇಳುವಾಗ ಕೆಳಗೆ ಒಂದು ಹಡಗು ಹಗ್ಗ ಬಿಚ್ಚುತ್ತಿತ್ತು. ಆಲ್ಬಮ್ ಮುಗಿಯುವಷ್ಟರಲ್ಲಿ ಅದು ಕೊಲ್ಲಿಯ ತಿರುವು ದಾಟಿ ಮರೆಯಾಯಿತು.

ಹುಡುಕುವಾಗ ಇಂಗ್ಲಿಷ್ ಅಕ್ಷರದಲ್ಲಿ ಕಲಾವಿದರ ಹೆಸರು ಹಾಕಿದರೆ ಸಾಕು. ಬ್ಯಾಂಡ್‌ಕ್ಯಾಂಪ್‌ನಲ್ಲಿ ಕೊಂಡರೆ ಹಣದಲ್ಲಿ ದೊಡ್ಡ ಪಾಲು ಅವರ ಕಡೆಗೇ ಹೋಗುತ್ತೆ. ಮಾರ್ಲನ್‌ನನ್ನು ಮನೆಯಲ್ಲಿ, ಎಲ್ಲರ ಎದುರಿಗೆ ಹಾಕಿ, ನಮ್ಮಮ್ಮ ಇದು ಯಾವ ಊರಿನ ಭಜನೆ ಅಂತ ಕೇಳಿದರು. ನಾಡಿಯಾಗೆ ರಾತ್ರಿ, ಹೆಡ್‌ಫೋನ್. ಚಿಲ್ಸ್‌ಗೆ ಪೂರ್ತಿ ಒಂದು ಸಂಜೆ ಎತ್ತಿಡಿ. ಹೊರ ವರ್ತುಲ ರಸ್ತೆಯ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದರೆ ಬ್ಯಾಟ್ಸ್ ಸಾಕು, ಅವರಿಗೂ ಎಲ್ಲಿಗೂ ಹೋಗುವ ಅವಸರವಿಲ್ಲ.